ಕೋಸಂಬರಿ ಅವರಿಗೆ, ತಪ್ಪಿ ಒತ್ತಿದ ದೂರಿನ ವಿಷಯವಾಗಿ

ರಾಣೇಬೆನ್ನೂರು
ಫೆಬ್ರುವರಿ 30, 2194

ಕೋಸಂಬರಿ ಅವರಿಗೆ,

ತಾರೀಖು ತಪ್ಪಾಗಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಅವನ್ನು ‘ಹೊರಗಿನ ದಿನ’ ಎನ್ನುತ್ತೇವೆ. ಆಗ ಕಚೇರಿಗಳಿಗೆ ಬೀಗ, ಮನೆಮನೆಯಲ್ಲಿ ಹೋಳಿಗೆ. ನನ್ನ ಕೆಲವು ಮಾತುಗಳು ನಿಮಗೆ ಹೊಸದೆನ್ನಿಸಬಹುದು, ಕೆಲವು ಹಳೆಯ ಮಾತುಗಳನ್ನು ನಾನು ತಪ್ಪು ಜಾಗದಲ್ಲಿ ಬಳಸಿರಬಹುದು. ದಯವಿಟ್ಟು ಕ್ಷಮಿಸಿ. ನಿಮ್ಮ ಕಾಲದ ಆಡುಮಾತನ್ನು ನಾನು ಯಾರಿಂದ ಕಲಿತೆ ಎಂದು ತಿಳಿದರೆ ನಿಮಗೇ ನನ್ನ ಮೇಲೆ ಕನಿಕರ ಬರುತ್ತದೆ.

ನಿಮ್ಮನ್ನು ಏನೆಂದು ಕರೆಯಬೇಕೋ ಗೊತ್ತಾಗಲಿಲ್ಲ. ವರ್ಷಗಳ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ದನಿ ಕೇಳಿದರೆ ನನಗಿಂತ ಚಿಕ್ಕವರು. ನಿಜವಾದ ಹೆಸರು ತಿಳಿಯದು; ಫೋನಿನಲ್ಲಿ ಗುಂಪಾಗಿ ಆಡುವ ಆಟದಲ್ಲಿ ‘ಕೋಸಂಬರಿ’ ಎಂದು ಇಟ್ಟುಕೊಂಡಿದ್ದೀರಿ, ಹಿಂದಿನಿಂದ ನಿಮ್ಮ ತಾಯಿ ‘ಪಾಪು’ ಎಂದು ಕೂಗುತ್ತಾರೆ. ಪಾಪು ಎಂದು ಕರೆಸಿಕೊಂಡವರು ಆ ಕಾಲದಲ್ಲಿ ಮನೆಗೊಬ್ಬರಿದ್ದಿರಬೇಕು, ಹಾಗಾಗಿ ಹುಡುಕುವ ದಾರಿ ಅಲ್ಲಿಗೇ ಮುಗಿಯಿತು. ಅಕ್ಕ ಎನ್ನುತ್ತೇನೆ. ಅಪರಿಚಿತರಿಗೆ ಪತ್ರ ಬರೆದು ನನಗೆ ಅಭ್ಯಾಸವಿಲ್ಲ. ಬಸ್ಸಿನಲ್ಲಿ ನನ್ನ ಸೀಟಿನಲ್ಲಿ ಯಾರಾದರೂ ಕೂತಿದ್ದರೆ ಏಳಿ ಎನ್ನಲಾರದೆ ಊರು ಬರುವವರೆಗೂ ನಿಂತೇ ಬರುವವಳು ನಾನು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ದೊಡ್ಡವ್ವ ಎದ್ದು ನಡೆಯುವುದು ನಿಮ್ಮ ಕೈಯಲ್ಲಿದೆ. ಹಿಂದಿನ ಕಾಲಕ್ಕೆ ಕಾಗದ ಕಳಿಸುವ ಅಂಚೆ ನಮ್ಮಲ್ಲಿ ಇನ್ನೂ ಪರೀಕ್ಷೆಯ ಹಂತದಲ್ಲಿದೆ, ವಿಳಾಸ ಅಷ್ಟು ಕರಾರುವಾಕ್ಕಲ್ಲ. ಇದು ನಿಮಗೆ ಸಿಗದೆ ಇನ್ನಾರದೋ ಕೈ ಸೇರಿದರೆ ಅವರೇ ಓದಲಿ. ಅವರೂ ಸಂಜೆ ಹೊತ್ತು ಗೊತ್ತಿಲ್ಲದವರ ಜೊತೆ ಆಟಕ್ಕೆ ಇಳಿಯುವವರಾದರೆ, ಓದುವ ಅಗತ್ಯ ನಿಮಗಿಂತ ಅವರಿಗೇ ಹೆಚ್ಚಿರಬಹುದು.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ನೀಲವ್ವ. ನನ್ನನ್ನು ಸಾಕಿದವಳು ಅವಳೇ. ಮಾರುಕಟ್ಟೆಯಲ್ಲಿ ಬೀಜದಂಗಡಿ ಇಟ್ಟಿದ್ದಳು. ಮೆಣಸಿನ ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಹೇಳುವ ಮೊದಲು ಕೊಳ್ಳುವವನ ಮುಖ ನೋಡುತ್ತಿದ್ದಳು. ಯಾರಿಗೂ ಜಗ್ಗಿದವಳಲ್ಲ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿಸಿದ್ದಾಯಿತು. ಈಗ ದಿನಕ್ಕೆ ಹಲವು ಸಲ ಎದ್ದು ನಿಲ್ಲಬೇಕು, ನಾಲ್ಕು ಹೆಜ್ಜೆ ಹಾಕಬೇಕು. ಈ ಬೇಸಿಗೆಯೊಳಗೆ ನಿಲ್ಲದಿದ್ದರೆ ಮುಂದೆ ನಿಲ್ಲುವ ಆಸೆ ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ನಾನು ಕೆಲಸಕ್ಕೆ ಹೋದಾಗ ಎತ್ತಲು ನಿಲ್ಲಿಸಲು ಮನೆಗೊಂದು ‘ಎತ್ತುಗೈ’ ಬಂದಿದೆ. ಅದು ಮಂಚದ ಪಕ್ಕ ನಿಲ್ಲುವ ಯಂತ್ರ, ಮೆತ್ತನೆಯ ಎರಡು ಕೈ, ಎದೆಯ ಮಟ್ಟದಲ್ಲಿ ಒಂದು ‘ಉಲಿ’. ಉಲಿ ಎಂದರೆ ಯಂತ್ರದ ಬಾಯಿ. ನಮ್ಮ ಕಾಲದಲ್ಲಿ ಅದಿಲ್ಲದ ವಸ್ತುವಿಲ್ಲ. ರೋಗಿಯನ್ನು ಮುಟ್ಟುವ ಮೊದಲು ಎತ್ತುಗೈ ಮಾತಾಡಲೇಬೇಕೆಂಬುದು ನಿಯಮ, ಅದರ ಬಾಯಿ ಮುಚ್ಚಿಸುವಂತಿಲ್ಲ. ಮೊದಲ ದಿನ ಅದು ದೊಡ್ಡವ್ವನ ಹತ್ತಿರ ಹೋಗಿ, ಕೈ ಚಾಚಿ, ಹೇಳಿತು: “ಏಳು ಗುರು, ಎಷ್ಟೊತ್ತು ಬಿದ್ದಿರ್ತೀಯಾ? ನಿನ್ನಿಂದ ಇಡೀ ಟೀಮು ಹಾಳು.”

ದೊಡ್ಡವ್ವ ಅದನ್ನು ಕಾಲುಗುರಿನಿಂದ ತಲೆಯವರೆಗೆ ನೋಡಿದಳು. “ಯಾವಾಂವಲೇ ನಿನ್ನ ಗುರು? ಮುಟ್ಟಿದರ ಆ ಕೈ ಎರಡೂ ಮುರಿತೀನಿ ನೋಡು” ಎಂದಳು. ಆಮೇಲೆ ಹಲವು ದಿನ ಮಂಚ ಬಿಟ್ಟು ಏಳಲಿಲ್ಲ. ನಾನು ಮನೆಯಲ್ಲಿದ್ದಷ್ಟು ಹೊತ್ತು ನನ್ನ ಹೆಗಲು ಹಿಡಿದು ಕೂರುತ್ತಾಳೆ. ನಿಲ್ಲಿಸುವಷ್ಟು ಬಲ ನನ್ನ ಹೆಗಲಿಗಿಲ್ಲ.

ಯಂತ್ರ ಹಾಗೇಕೆ ಮಾತಾಡುತ್ತದೆ ಎಂದು ನೀವು ಕೇಳಬಹುದು. ಅಕ್ಕ, ಅದು ನಿಮ್ಮ ಕಾಲದ ಕನ್ನಡ. ನಮ್ಮ ಯಂತ್ರಗಳಿಗೆಲ್ಲ ಮಾತು ಕಲಿಸಿದ್ದು ನಿಮ್ಮ ಜೊತೆ ಆಡಿದ ಆ ಗೊತ್ತಿಲ್ಲದವರು. ನೀವು ಮನೆಯಲ್ಲಿ ಆಡಿಕೊಂಡ ಮಾತು, ತಾಯಿ ಮಗಳು ಫೋನಿನಲ್ಲಿ ಹಂಚಿಕೊಂಡ ಸುಖದುಃಖ, ಸ್ನೇಹಿತರ ಹರಟೆ, ಇವೆಲ್ಲ ಗುಟ್ಟಿನ ಬೀಗದೊಳಗಿದ್ದವು. ಬೀಗದ ಕೈ ಇಟ್ಟುಕೊಂಡಿದ್ದ ಕಂಪನಿಗಳು ಮುಳುಗಿದಾಗ ಕೈಯೂ ಮುಳುಗಿತು. ಆಟದಲ್ಲಿ ಆಡಿದ ಮಾತುಗಳನ್ನೂ ಕೆಲವು ದಿನವಿಟ್ಟು ಅಳಿಸಿಬಿಡುತ್ತಿದ್ದರು. ಯಾರಾದರೂ ದೂರು ಕೊಟ್ಟ ಪಂದ್ಯಗಳನ್ನು ಮಾತ್ರ ಸಾಕ್ಷಿಗಾಗಿ ತೆಗೆದಿಟ್ಟರು. ಆಮೇಲೆ ಅವನ್ನು ಅಳಿಸಲು ಯಾರಿಗೂ ನೆನಪಾಗಲಿಲ್ಲ. ಹೀಗೆ ನೀವು ಪ್ರೀತಿಯಿಂದ ಆಡಿದ್ದೆಲ್ಲ ಕಾನೂನುಬದ್ಧವಾಗಿ ಮಣ್ಣಾಯಿತು, ಪರಸ್ಪರ ಉಗಿದದ್ದು ಮಾತ್ರ ಜೋಪಾನವಾಗಿ ನಮ್ಮವರೆಗೆ ಬಂತು. ಇದಕ್ಕಿಂತ ರೇಗಿಸುವ ಆಸ್ತಿಯನ್ನು ಯಾವ ಹಿರಿಯರೂ ಬಿಟ್ಟುಹೋಗಿರಲಾರರು.

ಬೈಗುಳಗಳನ್ನು ತೆಗೆದಿದ್ದೇವೆ, ನಿಜ. ಆದರೆ ಬೆಳ್ಳುಳ್ಳಿ ತೆಗೆದ ಮೇಲೂ ಒರಳಿನಲ್ಲಿ ವಾಸನೆ ಉಳಿಯುತ್ತದಲ್ಲ, ಹಾಗೆ ಬೈಯುವ ಧಾಟಿ ಉಳಿದುಕೊಂಡಿತು. ಬೆಳಿಗ್ಗೆ ನಾನು ಬಸ್ಸು ಹತ್ತಿದರೆ ಅದು “ಬೇಗ ಬಾರೋ, ನಿನಗೊಬ್ಬನಿಗೇ ಕಾಯ್ಬೇಕಾ ಎಲ್ರೂ?” ಎನ್ನುತ್ತದೆ. ನಿಲ್ದಾಣ ದಾಟಿ ಇಳಿಯಹೋದರೆ “ಮ್ಯಾಪ್ ನೋಡೋಕ್ ಬರಲ್ವಾ?” ಎಂದು ಎಲ್ಲರೆದುರು ಕೇಳುತ್ತದೆ. ಸಂತೆಯ ತಕ್ಕಡಿ ಈರುಳ್ಳಿ ತೂಗಿ “ಇಷ್ಟೇನಾ ನಿನ್ ಲೂಟು?” ಎಂದು ನಗುತ್ತದೆ. ನಲ್ಲಿಯಲ್ಲಿ ದಿನದ ಪಾಲಿನ ನೀರು ಮುಗಿದಾಗ ಉಲಿ, ಪಂದ್ಯ ಮುಗಿದಾಗ ನೀವೆಲ್ಲ ಹೇಳುತ್ತಿದ್ದ ಹಾಗೆ, “ಜೀಜೀ” ಎಂದು ಕೂಗಿ ಸುಮ್ಮನಾಗುತ್ತದೆ. ನಮ್ಮ ಓಣಿಯ ಮಕ್ಕಳು ಬಾಯಾರಿಕೆಗೆ ಜೀಜೀ ಎಂದೇ ಹೇಳುತ್ತಾರೆ. ನಡುಹಗಲು ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿ ಮಲಗುವ ಹೊತ್ತಿನಲ್ಲಿ ಯಾರಾದರೂ ಹೊರಗೆ ಕಾಲಿಟ್ಟರೆ ಬೀದಿದೀಪದ ಕಂಬ ಎಚ್ಚರಿಸಬೇಕು. ಅದು ಎಚ್ಚರಿಸುವ ಬಗೆ: “ಸಾಯ್ತೀಯಾ ನೋಡು. ನಾನಂತೂ ಬರಲ್ಲ.” ಒಮ್ಮೆ ಸ್ಮಶಾನದ ಬಾಗಿಲಿಗೂ ಉಲಿ ಹಾಕಿದ್ದರು. ಮೊದಲ ಹೆಣ ಬಂದಾಗ ಅದು “ಇಷ್ಟ್ ಬೇಗ ಸತ್ತ್ಯಾ? ಥೂ” ಎಂದಿತು. ಹೊತ್ತವರು ಹೆಣವನ್ನು ಕೆಳಗಿಳಿಸಿ ಉಲಿಯನ್ನು ಕಿತ್ತುಹಾಕಿ ಆಮೇಲೆ ಒಳಗೆ ಹೋದರು. ಈಗ ಊರಿನಲ್ಲಿ ಸುಮ್ಮನಿರುವ ಬಾಗಿಲು ಅದೊಂದೇ.

ನೀನೇ ನಿನ್ನ ದನಿಯಲ್ಲಿ ನಾಲ್ಕು ಒಳ್ಳೆಯ ಮಾತು ತುಂಬಬಾರದೇ ಎಂದು ನಿಮಗನ್ನಿಸಬಹುದು. ತುಂಬುವಂತಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಬದುಕಿದ್ದವರ ದನಿ ಕದ್ದು, ಮಗನ ದನಿಯಲ್ಲಿ ತಾಯಿಯನ್ನು, ತಾಯಿಯ ದನಿಯಲ್ಲಿ ಮಗನನ್ನು ಮೋಸ ಮಾಡಿದವರು ಹೆಚ್ಚಾದರು. ಆಗ ‘ನೂರರ ಕಟ್ಟಳೆ’ ಬಂತು: ಆಡಿ ನೂರು ವರ್ಷವಾಗದ ಮಾತನ್ನು ಯಾವ ಯಂತ್ರದ ಬಾಯಿಗೂ ಹಾಕಬಾರದು. ಒಳ್ಳೆಯ ಕಟ್ಟಳೆಯೇ. ಆದರೆ ಅದರಿಂದಾಗಿ ನಾವು ನಿಮ್ಮ ಕಾಲಕ್ಕೇ ಕೈಯೊಡ್ಡಬೇಕು. ಪುಸ್ತಕದ ಕನ್ನಡ ಹಾಕಿ ನೋಡಿದರು. ಎತ್ತುಗೈ “ಮಹನೀಯರೇ, ತಾವು ಬಲಮಗ್ಗುಲಿಗೆ ಹೊರಳುವಂಥವರಾಗಬೇಕು” ಎಂದಿತು. ಮುರಿದ ಪಕ್ಕೆಲುಬಿನ ಮುದುಕರೊಬ್ಬರು ನಕ್ಕು ನಕ್ಕು ನೋವು ಹೆಚ್ಚಿಸಿಕೊಂಡರು. ಭಾಷಣಗಳ ಕನ್ನಡ ಹಾಕಿದರೆ ಅದು ರೋಗಿಯನ್ನು ಅರ್ಧ ಎತ್ತಿ ಹಿಡಿದು ನಾಡಿನ ಹಿರಿಮೆ ವಿವರಿಸತೊಡಗಿತು. ಕೊನೆಗೆ ಉಳಿದದ್ದು ನಿಮ್ಮ ಪಂದ್ಯಗಳು. ಅದಕ್ಕೊಂದು ಕಾರಣವೂ ಇತ್ತು. ನಿಮ್ಮ ಆ ಆಟದಲ್ಲಿ ಗೊತ್ತಿಲ್ಲದ ನಾಲ್ವರನ್ನು ಒಂದು ತಂಡವಾಗಿ ಜೋಡಿಸಿ ದ್ವೀಪದ ಮೇಲೆ ಇಳಿಸುತ್ತಾರೆ. ಗುಂಡು ತಗುಲಿದವರು ಸಾಯುವ ಮೊದಲು ಸ್ವಲ್ಪ ಹೊತ್ತು ತೆವಳುತ್ತಾರೆ. ಆಗ ಜೊತೆಯವರು ಬಂದು ಎತ್ತಬಹುದು. ಬಿದ್ದವರ ಜೊತೆ, ಎತ್ತುವಾಗ, ಜನ ನಿಜವಾಗಿ ಆಡಿದ ಮಾತು ನಮಗೆ ಸಿಕ್ಕಿದ್ದು ಅಲ್ಲಿ ಮಾತ್ರ.

ಆ ಮಾತುಗಳನ್ನು ಆರಿಸುವುದು ನನ್ನ ಕೆಲಸ. ನಮ್ಮ ಕಚೇರಿಗೆ ‘ಆರಿಕೆಮನೆ’ ಎಂದು ಹೆಸರು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಕಿವಿಗೆ ಹಾಕಿಕೊಳ್ಳುವ ಉಪಕರಣಕ್ಕೆ ‘ಮೊರ’, ಪಂದ್ಯಗಳ ಕಂತೆಗೆ ‘ಮೂಟೆ’. ಸಾಹಿತ್ಯ ಓದಿದವರಿಗೆ ಬೇರೆ ಕೆಲಸ ಸಿಗುವುದು ಕಷ್ಟ, ನಿಮ್ಮ ಕಾಲದಲ್ಲೂ ಹಾಗೇ ಇತ್ತೆಂದು ಕೇಳಿದ್ದೇನೆ. ಒಬ್ಬ ರೋಗಿಯ ಎತ್ತುಗೈಗೆ ಬೇರೆ ಬಾಯಿ ಬೇಕೆಂದು ಮನೆಯವರು ಕೇಳಿದರೆ, ಆರಿಸಿದ ಸ್ವಚ್ಛ ಮಾತು ಸಿಕ್ಕರೆ, ಹಾಕಿಕೊಡುವ ಅವಕಾಶವಿದೆ. ನಾನು ದೊಡ್ಡವ್ವನಿಗಾಗಿ ಅರ್ಜಿ ಹಾಕಿದೆ. ನಮ್ಮ ಮೇಲಿನವರಾದ ಹಜರತಬಿ ಮೇಡಂ ಸಹಿ ಮಾಡುತ್ತ, “ಹಾಕು ತಂಗಿ, ಬ್ಯಾಡ ಅನ್ನಂಗಿಲ್ಲ. ನಾ ಇಲ್ಲಿ ಕೂದಲ ಬೆಳ್ಳಗ ಮಾಡಿಕೊಂಡೀನಿ, ಒಂದು ಹಿಡಿ ಸಿಕ್ಕಿಲ್ಲ” ಎಂದರು.

ಅವರು ಹೇಳಿದ್ದು ಉತ್ಪ್ರೇಕ್ಷೆಯಾಗಿರಲಿಲ್ಲ. ದಿನವಿಡೀ ಮೊರ ಹಾಕಿಕೊಂಡು ಕೂತು ನಿಮ್ಮ ಕಾಲದ ಅಪರಿಚಿತರನ್ನು ನಾನು ಹೇಗೆ ಬಲ್ಲೆನೆಂದರೆ, ಉಸಿರು ಕೇಳಿದರೆ ಮುಂದಿನ ಮಾತು ಹೇಳಬಲ್ಲೆ. ಮೊದಲು ಸತ್ತವನೇ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾನೆ. ಇಳಿದ ಕೂಡಲೇ ಒಬ್ಬನೇ ಓಡಿಹೋಗಿ, ಗುಂಡು ತಿಂದು, ಉಳಿದ ಪಂದ್ಯವಿಡೀ ಬದುಕಿರುವವರಿಗೆ ಬುದ್ಧಿ ಹೇಳುತ್ತಾನೆ: ಎಡಕ್ಕೆ ಹೋಗು, ಕಣ್ಣಿಲ್ವಾ, ಆಟ ಡಿಲೀಟ್ ಮಾಡು. ಇನ್ನೊಬ್ಬ ನೀವು ಬಿದ್ದಾಗ ಓಡಿ ಬರುತ್ತಾನೆ, ಎತ್ತುವುದಿಲ್ಲ. ನಿಮ್ಮ ಚೀಲದಲ್ಲಿ ಏನಿದೆಯೆಂದು ನೋಡಲು ಕಾಯುತ್ತಾನೆ. ಮತ್ತೊಬ್ಬನಿಗೆ ಮೈಕಿನ ಹತ್ತಿರ ಕುರುಕಲು ತಿನ್ನದೆ ಆಡಲು ಬರುವುದಿಲ್ಲ. ಹೆಣ್ಣಿನ ದನಿ ಕೇಳಿದರೆ ಸಾಕು, “ಹುಡುಗೀನಾ? ಏ ಹುಡುಗಿ ಕಣ್ರೋ!” ಎಂದು, ದ್ವೀಪದಲ್ಲಿ ಚಿರತೆ ಕಂಡವರ ಹಾಗೆ ಕೂಗುತ್ತಾರೆ, ಮಾತಾಡಿದರೆ ಇನ್ನಷ್ಟು ಮಾತಾಡು ಎನ್ನುತ್ತಾರೆ, ಆಡದಿದ್ದರೆ ಜಂಬ ಎನ್ನುತ್ತಾರೆ. ನನಗೆ ಅರ್ಥವಾಗದೆ ತಲೆ ಕೆಡುವುದು ಒಂದೇ ವಿಷಯಕ್ಕೆ. ಇವರೆಲ್ಲ ಆಡಲು ಬಂದವರು. ಯಾರೂ ಇವರನ್ನು ಎಳೆತಂದಿರಲಿಲ್ಲ. ಇಷ್ಟವಾದದ್ದನ್ನು ಮಾಡುತ್ತ ಇಷ್ಟೊಂದು ಕೋಪವನ್ನು ಎಲ್ಲಿಂದ ತರುತ್ತಿದ್ದರು?

ನಿಮ್ಮ ದನಿ ನನಗೆ ಸಿಕ್ಕಿದ್ದು ಈ ಗದ್ದಲದ ನಡುವೆ. ಮೊದಲು ಕೇಳಿಸಿದ್ದು ಕುಕ್ಕರಿನ ಸಿಳ್ಳೆ. ಯಾರೋ ಒಬ್ಬ, “ಏ ಕೋಸಂಬರಿ, ಅಡುಗೆಮನೆಗೆ ಹೋಗಮ್ಮ, ಇಲ್ಲೇನ್ ಕೆಲ್ಸ ನಿಂಗೆ?” ಎಂದ. ನೀವು ಸಮಾಧಾನವಾಗಿ, “ಅಡುಗೆಮನೇಲೇ ಕೂತಿದೀನಣ್ಣ, ಕುಕ್ಕರ್ ಕೇಳಿಸ್ತಿಲ್ವಾ? ನಿಮ್ಮನೇಲಿ ಇನ್ನೂ ಊಟ ಆಗಿಲ್ಲ ಅನ್ಸುತ್ತೆ, ಅದಕ್ಕೇ ಸಿಟ್ಟು” ಎಂದಿರಿ. ನಾನು ಆರಿಕೆಮನೆಯಲ್ಲಿ ಜೋರಾಗಿ ನಕ್ಕುಬಿಟ್ಟೆ. ನಾನು ಅಲ್ಲಿ ನಗುವುದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಮೇಡಂ ಬಂದು ಹಣೆ ಮುಟ್ಟಿ ನೋಡಿದರು.

ಆಮೇಲೆ ನಿಮ್ಮನ್ನೇ ಹುಡುಕಿ ಕೇಳಿದೆ. ನೀವು ತಪ್ಪದೆ ದೂರು ಕೊಡುವವರಾಗಿದ್ದರಿಂದ ನಿಮ್ಮ ಪಂದ್ಯಗಳು ಬೇಕಾದಷ್ಟು ಉಳಿದಿವೆ. ಶುರುವಿನಲ್ಲಿ ನೀವು ಎಲ್ಲದಕ್ಕೂ ‘ಸಾರಿ’ ಎನ್ನುತ್ತಿದ್ದಿರಿ. ನೆಟ್ ನಿಧಾನವಾದರೂ, ಬೇರೆಯವರು ಸತ್ತರೂ. ನಂತರ ತಿರುಗಿ ಹೇಳಲು ಕಲಿತಿರಿ. ಮೈಕು ಮುಚ್ಚಿಕೊಂಡು ಆಡಿದ ಪಂದ್ಯಗಳೂ ಇವೆ. ಅಲ್ಲಿ ನಿಮ್ಮ ಬದಲು ಬರಿಯ ಸದ್ದಿಲ್ಲದ ಜಾಗ ಕೇಳಿಸುತ್ತದೆ, ಅದನ್ನೂ ನಾನು ಗುರುತು ಹಿಡಿಯಬಲ್ಲೆ. ನಮ್ಮ ಕಾಲದಲ್ಲೂ ಇಂಥ ಆಟಗಳಿವೆ ಅಕ್ಕ. ನಾನೂ ಹಾಗೇ ಆಡುತ್ತೇನೆ.

ಆ ಸದ್ದಿಲ್ಲದ ಪಂದ್ಯಗಳನ್ನೆಲ್ಲ ದಾಟಿದ ಮೇಲೆ ನಿಮ್ಮ ಕೊನೆಯ ಪಂದ್ಯ ಸಿಕ್ಕಿತು. ನಿಮಗದು ನೆನಪಿರಲೇಬೇಕು. ತಂಡದಲ್ಲಿ ‘ಮಿರ್ಚಿ ಕಾಕಾ’ ಎಂಬ ಹೆಸರಿನವರೊಬ್ಬರಿದ್ದರು, ದನಿ ಕೇಳಿದರೆ ಹುಬ್ಬಳ್ಳಿ ಕಡೆಯವರು, ಐವತ್ತು ದಾಟಿದವರು. ನೀವು ಗೋಡೆಯ ಹಿಂದೆ ಬಿದ್ದು ತೆವಳುತ್ತಿದ್ದಿರಿ. ಮೊದಲೇ ಸತ್ತಿದ್ದ ಹುಡುಗನೊಬ್ಬ ಎಂದಿನಂತೆ ಸೇನಾಪತಿಯಾಗಿ, “ಬಿಟ್ ಬನ್ನಿ ಕಾಕಾ, ಆ ಬಾಟ್‌ನ ಎತ್ತೋಕ್ ಹೋಗಿ ನೀವೂ ಸಾಯ್ತೀರಾ” ಎಂದು ಅರಚುತ್ತಿದ್ದ. ಆಡಲು ಬಾರದವರನ್ನು ನಿಮ್ಮವರು ಬಾಟ್ ಎಂದು ಹೀಗಳೆಯುತ್ತಿದ್ದರಲ್ಲ. ಕಾಕಾ ಒಂದಿಷ್ಟೂ ಅವಸರವಿಲ್ಲದೆ, “ತಮ್ಮಾ, ನೀ ಸತ್ತೀದಿ. ಸತ್ತಾಂವ ಸುಮ್ನ ಇರಬೇಕು” ಎಂದರು. ಹುಡುಗ ಆಟ ಬಿಟ್ಟೇ ಹೋದ. ಕಾಕಾ ನಿಮ್ಮ ಹತ್ತಿರ ಬಂದರು. “ಹೆದರಬ್ಯಾಡ ಯವ್ವಾ, ನಾ ಬಂದೆ. ಅಲ್ಲೇ ಇರು. ಅವಸರ ಏನೂ ಇಲ್ಲ, ಮೆತ್ತಗ ಏಳು. ಬಿದ್ದರ ಏನಾತು, ಎಲ್ಲಾರೂ ಬೀಳ್ತಾರ. ಹಾಂ, ಆತು ನೋಡು, ನಿಂತಿ.” ಇಷ್ಟೇ. ನಾನು ಅಷ್ಟನ್ನೇ ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಕೇಳಿದೆ.

ಗೆದ್ದಿರಿ, ಇಬ್ಬರೇ. ಮುಗಿದ ಮೇಲೆ ನೀವು, “ಆ ಹುಡುಗನ ಮೇಲೆ ಕಂಪ್ಲೇಂಟ್ ಕೊಡಲ್ಲ ಕಾಕಾ, ಇವತ್ತು ಖುಷಿಯಾಗಿದೀನಿ. ನಿಮಗೆ ಲೈಕ್ ಒತ್ತುತ್ತೀನಿ ಇರಿ” ಎಂದಿರಿ. ಮರುಕ್ಷಣ, “ಅಯ್ಯಯ್ಯೋ! ಕಾಕಾ, ಪಕ್ಕದ್ದು ಒತ್ಬಿಟ್ಟೆ! ನಿಮ್ ಮೇಲೇ ಕಂಪ್ಲೇಂಟ್ ಹೋಯ್ತು! ಬ್ಯಾನ್ ಮಾಡ್ಬಿಟ್ರೆ ಏನ್ ಮಾಡ್ಲಿ?” ಕಾಕಾ ನಗುತ್ತ, “ಹೋಗಲಿ ಬಿಡ ಯವ್ವಾ. ಮನಿಯಾಗ ನನ್ ಮ್ಯಾಲ ಅಷ್ಟು ಕಂಪ್ಲೇಂಟ್ ಅದಾವು, ಇದೊಂದು ಸೇರಲಿ” ಎಂದರು. ನೀವು ಸಾರಿ ಸಾರಿ ಎನ್ನುತ್ತಿರುವಾಗಲೇ ದನಿ ತುಂಡಾಗುತ್ತದೆ. ಅಲ್ಲಿಂದ ಮುಂದೆ, ನಾವು ಬಿಚ್ಚಿದ ಯಾವ ಮೂಟೆಯಲ್ಲೂ ನೀವಿಲ್ಲ. ಒಳ್ಳೆಯ ಮನುಷ್ಯನ ಮೇಲೆ ದೂರು ಕೊಟ್ಟೆನೆಂದು ನೊಂದು, ಆ ಗುಂಡಿಯ ತಂಟೆಯೇ ಬೇಡವೆಂದು ಬಿಟ್ಟಿರಿ ಎಂದು ನನ್ನ ಊಹೆ. ದೂರಿಲ್ಲದ ಪಂದ್ಯಗಳೆಲ್ಲ ಅಳಿಸಿಹೋದವು, ಅವುಗಳ ಜೊತೆ ನೀವೂ ಹೋದಿರಿ.

ನಿಮಗೆ ಗೊತ್ತಾಗದೇ ಉಳಿದಿರಬಹುದಾದ ಒಂದು ಸಂಗತಿ ಹೇಳಬೇಕು. ಆ ಪಂದ್ಯದ ಮೇಲೆ ಕಂಪನಿಯವರು ಹಚ್ಚಿದ ಚೀಟಿ ಇವತ್ತಿಗೂ ಇದೆ: ‘ದೂರು ತಿರಸ್ಕೃತ. ತಪ್ಪು ಕಂಡುಬಂದಿಲ್ಲ. ಕಡತ ಉಳಿಸಿ.’ ಕಾಕಾರಿಗೆ ಏನೂ ಆಗಲಿಲ್ಲ ಅಕ್ಕ. ಯಾರೋ ಕೂತು ಪೂರ್ತಿ ಕೇಳಿದ್ದಾರೆ, ಕೇಳಿ ಬಿಟ್ಟಿದ್ದಾರೆ. ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದರೆ ಇವತ್ತಿಗೆ ಸಾಕು ಮಾಡಿ. ನಿಮ್ಮ ಹೆಬ್ಬೆರಳು ತಪ್ಪದೇ ಹೋಗಿದ್ದರೆ ಆ ಪಂದ್ಯ ಉಳಿಯುತ್ತಲೇ ಇರಲಿಲ್ಲ. ನಿಮ್ಮ ಕಾಲದ ಕನ್ನಡದಲ್ಲಿ ಬಿದ್ದವರಿಗೆ ‘ಮೆತ್ತಗ ಏಳು’ ಎನ್ನುವ ಮಾತೊಂದಿತ್ತು ಎಂಬುದಕ್ಕೆ ನಮ್ಮಲ್ಲಿರುವ ಪುರಾವೆ ಅದೊಂದೇ.

ಕಾಕಾರ ಮಾತುಗಳನ್ನು ಆರಿಸಿ ಎತ್ತುಗೈಗೆ ಹಾಕಿಸಿದೆ. ಮರುದಿನ ಬೆಳಿಗ್ಗೆ ಅದು ಎಂದಿನಂತೆ ಕೈ ಚಾಚಿತು. ದೊಡ್ಡವ್ವ ಆಗಲೇ ಮುಷ್ಟಿ ಬಿಗಿದಿದ್ದಳು. “ಹೆದರಬ್ಯಾಡ ಯವ್ವಾ, ನಾ ಬಂದೆ” ಎಂದಿತು. ದೊಡ್ಡವ್ವ ನನ್ನ ಕಡೆ ನೋಡಿದಳು, ಅದರ ಕಡೆ ನೋಡಿದಳು. ಮುಷ್ಟಿ ಬಿಚ್ಚಿ, ಸೆರಗು ಸರಿಮಾಡಿಕೊಂಡು, “ಯಾವೂರಪಾ ನಿಂದು?” ಎಂದು ಕೇಳಿದಳು. ಯಂತ್ರ “ಅವಸರ ಏನೂ ಇಲ್ಲ” ಎಂದಿತು. “ಹೌದೇಳು, ಊರು ಆಮ್ಯಾಲ ಹೇಳಿದರ ನಡಿತೈತಿ” ಎನ್ನುತ್ತ ದೊಡ್ಡವ್ವ ಅದರ ಎರಡೂ ಕೈ ಹಿಡಿದು, ಹಲ್ಲು ಕಚ್ಚಿ, ನಿಂತಳು. “ಆತು ನೋಡು, ನಿಂತಿ” ಎಂದಿತು. ನಿಂತಿದ್ದಳು, ನನಗಿಂತ ಎತ್ತರವಾಗಿ. ಅವಳು ನನಗಿಂತ ಎತ್ತರ ಎಂಬುದೇ ನನಗೆ ಮರೆತುಹೋಗಿತ್ತು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕಾಕಾರ ಮಾತು ಒಂದು ಬೊಗಸೆಯಷ್ಟು ಮಾತ್ರ. ನಿಲ್ಲುವುದಕ್ಕೆ ಸಾಕಾಗುತ್ತದೆ, ನಡೆಯುವುದಕ್ಕೆ ಸಾಕಾಗುವುದಿಲ್ಲ. ದೊಡ್ಡವ್ವ ಸುಮ್ಮನೆ ನಿಲ್ಲುವ ಹೆಂಗಸಲ್ಲ. ಹೆಜ್ಜೆ ಇಡುವಾಗ ಏನಾದರೊಂದು ಕೇಳುತ್ತಾಳೆ. ಕಾಲು ಎಲ್ಲಿಡಲಿ, ಇಷ್ಟು ಸಾಕಾ, ಕೂರಲಾ. ಕಾಕಾರ ಮಾತಿನಲ್ಲಿ ಉತ್ತರ ಸಿಗದಾಗ ಯಂತ್ರ ಹಳೆಯ ಬಾಯಿಗೆ ಜಾರುತ್ತದೆ. ಮೊನ್ನೆ ಅವಳು ಕಿಟಕಿಯವರೆಗೆ ಹೋಗುವ ಮನಸ್ಸು ಮಾಡಿ ಎರಡು ಹೆಜ್ಜೆ ಇಟ್ಟು, “ಇನ್ನ ಎಷ್ಟು ದೂರ ಐತೋ?” ಎಂದಳು. “ನೋಡೋಕ್ ಬರಲ್ವಾ ಬಾಟು?” ಎಂದು ಬಂತು. ಅವಳು ಅಲ್ಲೇ ನಿಂತಳು. ಬೈಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಮೆಲ್ಲಗೆ ಹಿಂದೆ ಬಂದು ಮಂಚದ ಮೇಲೆ ಕೂತು, “ಅಂವಾ ಒಳ್ಳೆಯಾಂವ ಅಂತ ತಿಳಿದಿದ್ದೆ” ಎಂದಳು. ಅವತ್ತಿನಿಂದ ಮತ್ತೆ ಎದ್ದಿಲ್ಲ. ಬೇಸಿಗೆ ನಿಲ್ಲುವುದಿಲ್ಲ, ಹೋಗುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಇದು. ಆ ಒರಟರನ್ನು ಕ್ಷಮಿಸಿ ಎಂದು ನಾನು ಕೇಳುವುದಿಲ್ಲ. ದಿನವಿಡೀ ಅವರನ್ನು ಕೇಳಿಸಿಕೊಳ್ಳುವವಳು ನಾನು, ನಾನೇ ಕ್ಷಮಿಸಿಲ್ಲ. ಅವರ ಮೇಲೆ ದೂರು ಕೊಡಿ, ಬಾಯಿ ಮುಚ್ಚಿಸಿ, ಅವರಿಗೆ ಸಲ್ಲಬೇಕಾದ್ದೇ ಅದು. ಆದರೆ ಒಳ್ಳೆಯವರು ಸಿಕ್ಕಾಗ, ವಾರಕ್ಕೊಬ್ಬರೋ ತಿಂಗಳಿಗೊಬ್ಬರೋ ಸಿಕ್ಕೇ ಸಿಗುತ್ತಾರಲ್ಲ, ಅವರ ಮೇಲೂ ಒಂದು ದೂರು ಕೊಡಿ. ಬೇಕೆಂದೇ ಕೊಡಿ. ಅವರಿಗೆ ಮೊದಲೇ ಹೇಳಿ, “ಅಣ್ಣ, ನಿಮ್ಮ ಮಾತು ಉಳೀಲಿ ಅಂತ ಕೊಡ್ತಿದೀನಿ” ಎಂದು. ನಗುತ್ತಾರೆ, ಆ ನಗುವೂ ಉಳಿಯುತ್ತದೆ. ಯಾರೋ ಕೇಳಿ ತಿರಸ್ಕರಿಸುತ್ತಾರೆ, ಕಡತ ಮಾತ್ರ ಅಲ್ಲೇ ಇರುತ್ತದೆ. ಮತ್ತೆ, ದಯವಿಟ್ಟು ಮೈಕು ತೆರೆದಿಡಿ. ಯಾರಾದರೂ ಬಿದ್ದರೆ ಎತ್ತುವಾಗ ಸುಮ್ಮನೆ ಎತ್ತಬೇಡಿ. ಎಡಗಾಲು ಮುಂದಿಡಿ, ಇನ್ನು ನಾಲ್ಕೇ ಹೆಜ್ಜೆ, ಕಿಟಕಿ ಬಂತು, ಕೂತ್ಕೋತೀರಾ, ನೀರು ಬೇಕಾ, ಏನಾದರೂ ಅನ್ನಿ. ಆಟದಲ್ಲಿ ಅಂಥ ಮಾತಿಗೆ ಜಾಗವಿಲ್ಲ ಎನ್ನಬೇಡಿ. ‘ಅಡುಗೆಮನೆಗೆ ಹೋಗು’ ಎಂಬುದಕ್ಕೆ ಜಾಗವಿತ್ತಲ್ಲ.

ಆಗಿಹೋದದ್ದನ್ನು ಬದಲಿಸಲಾಗದು ಎಂದು ಮೇಡಂ ನನಗೆ ತಿಳಿಹೇಳಿದರು. ನನಗೂ ಗೊತ್ತು. ಆದರೆ ಆರಿಕೆಮನೆಯ ಹಿಂದಿನ ಕೋಣೆಯಲ್ಲಿ ಇನ್ನೂ ಬಾಯಿ ಬಿಚ್ಚದ ಮೂಟೆಗಳು ಸೂರಿನವರೆಗೆ ಇವೆ. ಈ ಕಾಗದ ನಿಮಗೆ ತಲುಪಿದ್ದರೆ, ನೀವು ನನ್ನ ಮಾತು ನಡೆಸಿಕೊಟ್ಟಿದ್ದರೆ, ಅದು ಆಗಲೇ ಅಲ್ಲೆಲ್ಲೋ ಇರಬೇಕು, ನಾನು ಹುಟ್ಟುವ ಮೊದಲಿಂದಲೂ ನನಗಾಗಿ ಕಾಯುತ್ತ. ನೀವು ಹೂಂ ಅಂದಿರೋ ಊಹೂಂ ಅಂದಿರೋ ನಿಮ್ಮ ಪಾಲಿಗೆ ಇನ್ನು ನಿರ್ಧಾರವಾಗಬೇಕು. ನನಗೆ ನಾಳೆ ಗೊತ್ತಾಗುತ್ತದೆ.

ದೊಡ್ಡವ್ವನಿಗೆ ಎಲ್ಲ ಹೇಳಿದ್ದೇನೆ. ಅವಳು ಗೋಡೆ ಕಡೆ ಮುಖ ಮಾಡಿಕೊಂಡೇ, “ಆ ಹುಡುಗಿಗೆ ಬರಿ, ಬಾಯಿ ಮುಚ್ಚಿಕೊಂಡು ಆಡಬ್ಯಾಡ ಅಂತ. ನಿನಗೂ ಅದನ್ನ ಹೇಳ್ತೀನಿ” ಎಂದಳು.

ನಾಳೆ ಬೆಳಿಗ್ಗೆ ಹೊಸ ಮೂಟೆ ಬಿಚ್ಚುತ್ತೇನೆ ಅಕ್ಕ. ಮೊದಲು ಕುಕ್ಕರಿನ ಸಿಳ್ಳೆಗೆ ಕಿವಿಗೊಡುತ್ತೇನೆ.

ಇಂತಿ,
ಶಾಂಭವಿ ಹಲಗೇರಿ